ಹಲ್ಲು ಕಟ್ಟಿಸುವ ಮುನ್ನ

(ಅಕ್ಕಲಕೋಟ ಭಾಗದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ದೊಡ್ಡವರ ಬಾಯಲ್ಲಿ ಹಲ್ಲು ಎಷ್ಟು? 32. ನಿಮ್ಮವು ಎಷ್ಟು ಉಳಿದಿವೆ, ಎಣಿಸಿ ನೋಡ್ರಿ. ಹಲ್ಲು ಹೋದ ಜಾಗ ಖಾಲಿ ಬಿಟ್ಟರೆ ಪಕ್ಕದ ಹಲ್ಲು ಅತ್ತ ವಾಲುತ್ತದೆ. ಆಮೇಲೆ ಕಡಕ್ ರೊಟ್ಟಿ ಇರಲಿ, ಮೆತ್ತನ ರೊಟ್ಟಿ ಅಗಿಯುವುದೂ ಕಷ್ಟ. ಅದಕ್ಕೇ ಹಲ್ಲು ಕಟ್ಟಿಸುತ್ತೇವೆ.

ನಾವೇ ತೆಗೆದು, ತೊಳೆದು, ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್ಟು ಇರುತ್ತದಲ್ಲ, ಇವತ್ತಿನ ಮಾತು ಅದರದು. ಅದನ್ನು ಹೇಗೆ ಮಾಡಿರಬೇಕು ಅಂತ ನಮಗೂ ಗೊತ್ತಿರಬೇಕು. ಬಾಯಿ ನಮ್ಮದಲ್ಲವೇ?

ಮನೆಯ ತೊಲೆ ಎಲ್ಲಿ ಕೂತಿರುತ್ತದೆ? ಗೋಡೆಯ ಮೇಲೆ. ತುದಿ ಜಾರಿದರೆ ಮಾಳಿಗೆ ಕುಸಿಯುತ್ತದೆ. ಸೆಟ್ಟಿಗೂ ಹಾಗೆಯೇ. ಅಗಿಯುವಾಗ ಬೀಳುವ ಭಾರವನ್ನು ಉಳಿದ ಗಟ್ಟಿ ಹಲ್ಲುಗಳು ಹೊರಬೇಕು. ಅದಕ್ಕಾಗಿ ಡಾಕ್ಟರು ಆ ಹಲ್ಲಿನ ತಲೆಯ ಮೇಲೆ ಸಣ್ಣ ತಗ್ಗು ಮಾಡುತ್ತಾರೆ. ಸೆಟ್ಟಿನ ಲೋಹದ ತುದಿ ಅದರಲ್ಲಿ ಕೂರುತ್ತದೆ. "ಒಳ್ಳೆ ಹಲ್ಲು ಯಾಕೆ ಕೊರೀತೀರಿ?" ಅಂತ ಜಗಳ ತೆಗೀಬೇಡ್ರಿ. ಈ ಆಸರೆ ಇಲ್ಲದಿದ್ದರೆ ಸೆಟ್ಟು ದಿನದಿನಕ್ಕೆ ಒಸಡಿನೊಳಗೆ ಇಳಿಯುತ್ತದೆ.

ಹಿಂದಿನ ದವಡೆ ಹಲ್ಲೆಲ್ಲ ಹೋಗಿದ್ದರೆ ಕೆಲಸ ಕಠಿಣ. ಸೆಟ್ಟಿನ ಮುಂದಿನ ತುದಿಗೆ ಹಲ್ಲಿನ ಆಸರೆ, ಹಿಂದಿನ ತುದಿಗೆ ಬರೀ ಒಸಡು. ಬಂಡಿಯ ಒಂದು ಗಾಲಿ ಡಾಂಬರಿನ ಮೇಲೆ, ಇನ್ನೊಂದು ಹಸಿ ಎರೆಮಣ್ಣಿನಲ್ಲಿ ಇದ್ದ ಹಾಗೆ! ಅಲ್ಲಿ ಸೆಟ್ಟಿನ ತಳ ಅಗಲವಾಗಿರಬೇಕು, ಭಾರ ಹರಡಬೇಕು.

ಇನ್ನು ಹಿಡಿತ. ಕೆಳಗಿನ ದವಡೆ ಹಲ್ಲು ಕವುಚಿಟ್ಟ ಕೊಡದ ಹಾಗೆ. ನಡುವೆ ಹೊಟ್ಟೆ, ಕೆಳಗೆ ಕುತ್ತಿಗೆ. ಸೆಟ್ಟಿನ ಕೊಕ್ಕೆಯ ತುದಿ ಹೊಟ್ಟೆ ದಾಟಿ ಕುತ್ತಿಗೆಯ ಕಡೆ ಕೂತರೆ ಸೆಟ್ಟು ಸುಮ್ಮನೆ ಮೇಲೇಳುವುದಿಲ್ಲ. ಕೊಕ್ಕೆ ಹಲ್ಲನ್ನು ಮುಟ್ಟಿರಬೇಕು, ಹಿಂಡಬಾರದು. ಹಿಂಡಿದರೆ ಒಳ್ಳೆ ಹಲ್ಲೂ ಅಲುಗುತ್ತದೆ. ಸಡಿಲಾಯಿತು ಅಂತ ಮನೆಯ ಪಕ್ಕಡದಿಂದ ಕೊಕ್ಕೆ ತಿರುವಬೇಡ್ರಿ. ಡಾಕ್ಟರ ಹತ್ತಿರ ಒಯ್ಯಿರಿ.

ಒಂದೇ ಬದಿಯ ಹಲ್ಲು ಹೋಗಿದ್ದರೂ ಸೆಟ್ಟು ಸಾಮಾನ್ಯವಾಗಿ ಇನ್ನೊಂದು ಬದಿಯನ್ನೂ ಹಿಡಿಯುತ್ತದೆ. ಇಲ್ಲದಿದ್ದರೆ ಅತ್ತಿತ್ತ ಅಲ್ಲಾಡುತ್ತದೆ. ಎರಡೂ ಬದಿ ಕೂಡಿಸುವ ಪಟ್ಟಿ ಬಾಗಬಾರದು. ಕೋಬಾಲ್ಟ್-ಕ್ರೋಮಿಯಂ ಲೋಹದ ಪಟ್ಟಿ ತೆಳ್ಳಗಿದ್ದರೂ ಗಟ್ಟಿ. ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ದಪ್ಪ. ಅದರ ಭಾರವೂ ಹೆಚ್ಚಾಗಿ ಒಸಡಿನ ಮೇಲೇ ಬೀಳುತ್ತದೆ. ಕೈಯಲ್ಲಿ ದುಡ್ಡಿಲ್ಲದಾಗ ಅದನ್ನೇ ಮಾಡಿಸುತ್ತೇವೆ, ತಪ್ಪಿಲ್ಲ. ಆಗಾಗ ತೋರಿಸುತ್ತಿರಬೇಕು, ಅಷ್ಟೆ.

ಸಂತೆಯಲ್ಲಿ ಕೂತು ಕೂತಲ್ಲೇ ಹಲ್ಲು ಕೂರಿಸುವವರು ಇದ್ದಾರೆ. ಪಕ್ಕದ ಹಲ್ಲಿಗೆ ತಂತಿ ಸುತ್ತಿ, ಪುಡಿ ಕಲಸಿ ಅಂಟಿಸುತ್ತಾರೆ. "ತೆಗೆಯುವ ತ್ರಾಸೇ ಇಲ್ಲ" ಅನ್ನುತ್ತಾರೆ. ಅದೇ ತ್ರಾಸು, ನೋಡ್ರಿ! ತೆಗೆಯಲು ಬಾರದ್ದನ್ನು ತೊಳೆಯುವುದು ಹೇಗೆ? ಅನ್ನ ಸಿಕ್ಕಿ ಕೊಳೆಯುತ್ತದೆ. ಒಸಡು ಊದಿಕೊಳ್ಳುತ್ತದೆ. ಆಸರೆ ಕೊಟ್ಟ ಎರಡು ಹಲ್ಲೂ ಸಡಿಲಾಗುತ್ತವೆ. ಒಂದು ಹಲ್ಲು ಕಟ್ಟಿಸಲು ಹೋಗಿ ಎರಡು ಕಳೆದುಕೊಂಡ ಹಾಗೆ.

ನೋಂದಣಿ ಇಲ್ಲದವರು ಹಲ್ಲಿನ ವೈದ್ಯ ಮಾಡಬಾರದು ಎಂದು 1948ರಲ್ಲೇ ಕಾಯ್ದೆ ಬಂತು. ಡಾಕ್ಟರ ಬೋರ್ಡು ನಮ್ಮ ಕಡೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಬಿ.ಡಿ.ಎಸ್. ಎಂಬ ಮೂರು ಅಕ್ಷರ ಹೇಗಿರುತ್ತವೆ ಅಂತ ಮಕ್ಕಳಿಂದ ಬರೆಸಿ, ಗುರುತು ಹಿಡಿಯಲು ಕಲಿಯಿರಿ.

ಸೆಟ್ಟನ್ನು ರಾತ್ರಿ ತೆಗೆದು ತಣ್ಣೀರಿನ ಬಟ್ಟಲಲ್ಲಿ ಇಡಿ. ಕುದಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಾಗುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬುಟ್ಟಿ ಇರಲಿ, ಕೈಜಾರಿ ಬಿದ್ದರೂ ಒಡೆಯುವುದಿಲ್ಲ. ಮುರಿದ ಸೆಟ್ಟು ಹಾಕಿಕೊಂಡು ಉಣ್ಣಬೇಡ್ರಿ, ತುಂಡು ಗಂಟಲಿಗೆ ಹೋದೀತು.