ಅನಕಾಪಲ್ಲಿ ಬೆಲ್ಲ ತಿಂದ್ರೆ ಶುಗರ್ ಏರಲ್ವಾ?

ವಿಶಾಖಪಟ್ಟಣದಿಂದ ಊರಿಗೆ ಹೊರಟ ನಮ್ಮವರ ಬ್ಯಾಗಲ್ಲಿ ಅನಕಾಪಲ್ಲಿ ಬೆಲ್ಲ ಇರುತ್ತೆ. "ಅಪ್ಪಂಗೆ ಶುಗರ್ ಇದೆ, ಅದಕ್ಕೇ ಸಕ್ಕರೆ ಬದಲು ಬೆಲ್ಲ" ಅಂತಾರೆ. ಅಪಾಯ ಇರೋದು ಇಲ್ಲೇ. ಅನಕಾಪಲ್ಲಿಯದಾಗಲಿ, ನಮ್ಮ ಮಂಡ್ಯದ್ದಾಗಲಿ, ಬೆಲ್ಲದಲ್ಲಿ ಬಹುಪಾಲು ಇರೋದು ಸುಕ್ರೋಸ್, ಅಂದ್ರೆ ಸಕ್ಕರೆಯೇ. ಕಬ್ಬಿಣದ ಅಂಶ ಇದೆ, ನಿಜ; ಒಂದು ಚಮಚದಲ್ಲಿ ಎಷ್ಟು ಸಿಕ್ಕೀತು?

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ 1,13,043 ಜನರನ್ನು ಒಳಗೊಂಡಿತ್ತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ. ನನ್ನನ್ನು ಹೆದರಿಸಿದ್ದು ಇನ್ನೊಂದು ಸಂಖ್ಯೆ: 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ದಿನವಿಡೀ ಕುರ್ಚಿಗೆ ಅಂಟಿಕೊಂಡಿರೋ ನಾವೂ ಅದರಲ್ಲಿರಬಹುದು.

ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ತೆಗೀರಿ. ಎಚ್‌ಬಿಎ1ಸಿ 5.7ರಿಂದ 6.4ರೊಳಗೆ ಇದ್ಯಾ? ಅದೇ ಆ ಹೊಸ್ತಿಲು, ಡಾಕ್ಟರನ್ನ ಕಾಣಿ. ಅದು ಸುಮಾರು ಮೂರು ತಿಂಗಳ ಲೆಕ್ಕ. ಹಿಂದಿನ ದಿನ ಸಿಹಿ ಬಿಟ್ಟು ಅದನ್ನ ಇಳಿಸೋಕಾಗಲ್ಲ.