ಹೆಸರು ಸಾಲದು, ಕೀಲಿಕೈ ಬೇಕು
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಹೊಟ್ಟೆಪಾಡಿಗಾಗಿ ಈ ಹೈದರಾಬಾದಿಗೆ ಬಂದವರಲ್ಲಿ ‘ಶರಣಪ್ಪ ತಂದೆ ಬಸಪ್ಪ’ ಎಂಬ ಹೆಸರಿನವರು ಎಷ್ಟು ಮಂದಿಯೋ! ಗಿರಣಿಯ ಹಾಜರಿ ಪಟ್ಟಿಯಲ್ಲಿ ಅಂಥವರು ಇಬ್ಬರಿದ್ದರೆ ಒಬ್ಬರ ಪಗಾರ ಇನ್ನೊಬ್ಬರ ಲೆಕ್ಕಕ್ಕೆ ಹೋದೀತು. ಅದಕ್ಕೇ ಟೋಕನ್ ನಂಬರು.

ಕಂಪ್ಯೂಟರಿನ ದಫ್ತರಕ್ಕೂ ಇದೇ ನ್ಯಾಯ. ಐ.ಬಿ.ಎಂ. ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬವರು, ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿ ಬರೆದು ಒಂದಕ್ಕೊಂದು ಸಂಬಂಧ ಕೂಡಿಸುವ ರೀತಿಯನ್ನು 1970ರಲ್ಲಿ ಪ್ರಕಟಿಸಿದರು. ಇದೇ ರಿಲೇಷನಲ್ ಡೇಟಾಬೇಸ್. ಕೋಷ್ಟಕದಲ್ಲಿ ಬೇಕಾದ ಒಂದೇ ಸಾಲನ್ನು ತಪ್ಪದೆ ಹಿಡಿದುಕೊಡುವ ಅಂಕಣಕ್ಕೆ ಕೀ, ಅಂದರೆ ಕೀಲಿಕೈ, ಎನ್ನುತ್ತಾರೆ. ಇದರ ಬಗೆಗಳನ್ನು ನಮ್ಮ ಪ್ರಾವಿಡೆಂಟ್ ಫಂಡಿನ ಉದಾಹರಣೆಯಿಂದ ತಿಳಿಯೋಣ.

ಫಂಡಿನ ಸದಸ್ಯರದೊಂದು ಕೋಷ್ಟಕವನ್ನು ಕಲ್ಪಿಸಿಕೊಳ್ಳಿ. ಹೆಸರು, ಪ್ಯಾನ್, ಆಧಾರ್, ಯು.ಎ.ಎನ್. ಎಂಬ ಅಂಕಣಗಳಿವೆ. ಪ್ಯಾನ್ ಇಲ್ಲದ ಕಾರ್ಮಿಕರುಂಟು. ಖಾಲಿ ಬಿಡಬಹುದಾದ ಅಂಕಣ ಕೀಲಿಕೈಯಾಗದು. ಎಲ್ಲರ ಆಧಾರ್ ದಾಖಲಾಗಿದ್ದರೆ ಆಧಾರ್ ಮತ್ತು ಯು.ಎ.ಎನ್. ಎರಡೂ ಉಮೇದುವಾರರು, ಅಂದರೆ ಕ್ಯಾಂಡಿಡೇಟ್ ಕೀ. ಯು.ಎ.ಎನ್. ಅನ್ನು ಆರಿಸಿಕೊಂಡರೆ ಅದು ಪ್ರೈಮರಿ ಕೀ; ಉಳಿದ ಆಧಾರ್ ಆಲ್ಟರ್ನೇಟ್ ಕೀ. ಯು.ಎ.ಎನ್. ಜೊತೆಗೆ ಹೆಸರನ್ನೂ ಕಟ್ಟಿದರೆ ಸೂಪರ್ ಕೀ. ಗುರುತು ಸಿಗುತ್ತದೆ, ಹೆಸರು ಬರಿಯ ಹೊರೆ.

ಇನ್ನು ಖಾತೆಗಳ ಕೋಷ್ಟಕ. ಕ್ರಮಸಂಖ್ಯೆ 47 ಪ್ರತಿಯೊಂದು ಗಿರಣಿಯಲ್ಲೂ ಇದ್ದೀತು. ಗಿರಣಿಯ ಸಂಕೇತವೂ ಕ್ರಮಸಂಖ್ಯೆಯೂ ಕೂಡಿದಾಗಲೇ ಒಂದು ಖಾತೆ ಗೊತ್ತಾಗುತ್ತದೆ. ಇದು ಕಾಂಪೋಸಿಟ್ ಕೀ, ಜೋಡು ಕೀಲಿಕೈ.

ಕೆಲಸ ಬದಲಾದಂತೆ ಖಾತೆ ನಂಬರೂ ಬದಲಾಗುತ್ತದೆ. ಆದರೆ ಒಬ್ಬನ ಎಲ್ಲ ಖಾತೆಗಳ ಸಾಲಿನಲ್ಲೂ ಅವನ ಒಂದೇ ಯು.ಎ.ಎನ್. ಬರೆದಿದ್ದರೆ, ಅವೆಲ್ಲ ಅವನವೇ ಎಂದು ತಿಳಿಯುತ್ತದೆ. ಸದಸ್ಯರ ಕೋಷ್ಟಕದ ಕೀಲಿಕೈ ಹೀಗೆ ಖಾತೆಗಳ ಕೋಷ್ಟಕಕ್ಕೆ ಬಂದಾಗ ಅದಕ್ಕೆ ಫಾರಿನ್ ಕೀ ಎಂದು ಹೆಸರು. ಸದಸ್ಯರ ಕೋಷ್ಟಕದಲ್ಲಿಲ್ಲದ ನಂಬರನ್ನು ಇಲ್ಲಿ ಬರೆಯಗೊಡಬಾರದೆಂಬುದು ನಿಯಮ.

ಫಂಡಿನ ಕಾಯದೆ ಬಂದದ್ದು 1952ರಲ್ಲಿ. 12 ಅಂಕಿಗಳ ಯು.ಎ.ಎನ್. ಬಂದದ್ದು 2014ರಲ್ಲಿ. ನಡುವಿನ ಕಾಲದಲ್ಲಿ ಊರೂರು ತಿರುಗಿ ದುಡಿದವರ ಖಾತೆಗಳು ಬೇರೆಬೇರೆಯಾಗಿಯೇ ಉಳಿಯುತ್ತಿದ್ದವು. ಇಂದಿಗೂ ಒಬ್ಬನಿಗೆ ಎರಡು ಯು.ಎ.ಎನ್. ಆದರೆ ಯಂತ್ರದ ಕಣ್ಣಿಗೆ ಅವನು ಇಬ್ಬರು. ತಿಂಗಳ ಪಿಂಚಣಿಗೆ 10 ವರ್ಷಗಳ ಸೇವೆ ಬೇಕು. ಒಂದು ಕಡೆ 5, ಇನ್ನೊಂದು ಕಡೆ 6 ವರ್ಷ ದುಡಿದವನಿಗೆ 11 ವರ್ಷವಾಯಿತು. ಆದರೆ ಲೆಕ್ಕ ಕೂಡದಿದ್ದರೆ ಎರಡೂ ಹತ್ತಕ್ಕೆ ಕಡಿಮೆ!

ಆದುದರಿಂದ ಹೊಸ ಕೆಲಸಕ್ಕೆ ಸೇರುವಾಗ ಹಳೆಯ ಯು.ಎ.ಎನ್. ಅನ್ನೇ ಬರೆಸಿರಿ. ಹೆಸರು, ಹುಟ್ಟಿದ ತಾರೀಖು ಆಧಾರಿನಲ್ಲಿದ್ದಂತೆಯೇ ಇವೆಯೇ ನೋಡಿಕೊಳ್ಳಿರಿ. ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿರಿ. ಓದು ಬರಹ ಬಾರದ ಅಣ್ಣತಮ್ಮಂದಿರು, ಅಕ್ಕತಂಗಿಯರು ಕಾಗದಗಳನ್ನು ವಾಚನಾಲಯಕ್ಕೆ ತಂದರೆ ಅರ್ಜಿ ಬರೆದುಕೊಡಲು ನಾವಿದ್ದೇವೆ.