ಸಕ್ಕರೆ ಕಾಯಿಲೆಯೂ ದುಡಿಯುವವರ ತಟ್ಟೆಯೂ
(ದಾವಣಗೆರೆಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಸಕ್ಕರೆ ಕಾಯಿಲೆ ಸಿರಿವಂತರದು ಎಂಬ ಮಾತು ಇನ್ನು ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆ. ಇಷ್ಟು ಮಂದಿ ಸಿರಿವಂತರು ನಮ್ಮ ದೇಶದಲ್ಲಿ ಎಲ್ಲಿದ್ದಾರೆ?

"ಅನ್ನ ಬಿಡಿ, ಬಾದಾಮಿ ತಿನ್ನಿ" ಎಂದು ಉಪದೇಶಿಸುವವರಿದ್ದಾರೆ. ನಮಗೆ ಬೇಕಾದದ್ದು ನಮ್ಮ ಕೂಲಿಗೆ ಎಟಕುವ ದಾರಿ.

ಮೊದಲು ಒಂದು ಭ್ರಮೆಯನ್ನು ಬಿಡೋಣ. ಅಕ್ಕಿಯ ಬದಲು ರಾಗಿ ತಿಂದರೆ ಸಾಕು ಎನ್ನುತ್ತಾರೆ. 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ. ರಾಗಿಯಲ್ಲಿ ಸುಮಾರು 70. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ಎರಡು ದೊಡ್ಡ ಮುದ್ದೆ ನುಂಗಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಧಾನ್ಯ ಬದಲಾದರೆ ಸಾಲದು, ಅಳತೆಯೂ ಇಳಿಯಬೇಕು. ನಮ್ಮೂರಿನ ಮಂಡಕ್ಕಿಯೂ ಅಕ್ಕಿಯೇ ಎಂಬುದನ್ನು ಮರೆಯಬಾರದು.

ಚಹಾದ ಲೆಕ್ಕ ನೋಡಿ. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚೆ ಎಂದರೆ ಸುಮಾರು 50 ಗ್ರಾಂ ಸಕ್ಕರೆ. ಇದನ್ನು ಬಿಡಲು ಕಾಸು ಬೇಕಿಲ್ಲ, ಕಾಸು ಉಳಿಯುತ್ತದೆ. ಬೆಲ್ಲಕ್ಕೂ ಇದೇ ಮಾತು.

ತಟ್ಟೆಯ ಅರ್ಧ ಸೊಪ್ಪು, ತರಕಾರಿ, ಕಾಲುಭಾಗ ಕಾಳು, ಉಳಿದ ಕಾಲುಭಾಗ ಮಾತ್ರ ರೊಟ್ಟಿ, ಅನ್ನ ಅಥವಾ ಮುದ್ದೆ. ಬಡವರ ಕಾಳು ಎಂದು ಕಡೆಗಣಿಸಿದ ಹುರುಳಿಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಸಸಾರಜನಕವಿದೆ. ಮೊಳಕೆ ಹುರುಳಿ, ಹೆಸರುಕಾಳು, ಹಿಡಿ ಶೇಂಗಾ, ನುಗ್ಗೆಸೊಪ್ಪು, ನೀರು ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ: ಇವು ಸಂತೆಯಲ್ಲೇ ಸಿಗುವ ವಸ್ತುಗಳು. ಪಲ್ಯ, ಕಾಳನ್ನು ಮೊದಲು ತಿಂದು ರೊಟ್ಟಿಯನ್ನು ಆಮೇಲೆ ತಿಂದರೆ ಸಕ್ಕರೆ ಏರುವುದು ಕಡಿಮೆ.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟವನ್ನು ಏಕಾಏಕಿ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ರಾತ್ರಿ ಪಾಳಿಯಲ್ಲಿ ಯಂತ್ರದ ಮುಂದೆ ಹಾಗಾದರೆ ಪ್ರಾಣಕ್ಕೇ ಸಂಚಕಾರ. ಮೂತ್ರಪಿಂಡದ ತೊಂದರೆಯಿದ್ದವರು ಕಾಳು ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಲೇಬೇಕು. ಔಷಧವನ್ನು ನಾವಾಗಿ ನಿಲ್ಲಿಸುವುದು ಸಲ್ಲದು.

ಕೊನೆಯ ಮಾತು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವನ್ನು ದೂರವಿಟ್ಟಿದೆ; ಅದನ್ನು ನಾವು ಹಳಿಯುವುದಿಲ್ಲ. ಆದರೆ ಚೀಲದ ತುಂಬ ಅಕ್ಕಿಯೇ ಬಂದರೆ ತಟ್ಟೆಯ ತುಂಬ ಅನ್ನವೇ ಇರುತ್ತದೆ. ನೆರೆಯ ತಮಿಳುನಾಡು 2007ರಲ್ಲೇ ಪಡಿತರದಲ್ಲಿ ರಿಯಾಯಿತಿ ದರದ ತೊಗರಿಬೇಳೆ ಕೊಡಲು ಆರಂಭಿಸಿತು. ಪ್ರತಿ ಕಾರ್ಡಿಗೂ ತಿಂಗಳು ತಪ್ಪದೆ ಕಾಳು, ಗಿರಣಿಯ ಕ್ಯಾಂಟೀನಿನಲ್ಲಿ ಕಾಳಿನ ಪಲ್ಯ, ಪಾಳಿಯ ವೇಳೆಯಲ್ಲೇ ರಕ್ತಪರೀಕ್ಷೆ: ಈ ಮೂರನ್ನು ನಾವು ಕೇಳಬೇಕು. ತಟ್ಟೆಯಲ್ಲಿ ಅನ್ನ ಇಳಿಸುವುದು ನಮ್ಮ ಕೈಯಲ್ಲಿದೆ. ಅಲ್ಲಿ ಕಾಳು ತುಂಬಿಸಲು ಸಂಘಟನೆ ಬೇಕು.